145 ಸೆಂಟಿಮೀಟರ್: ಸಾರಿಗೆ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಸಾರಿಗೆ ಸಚಿವರಿಗೆ, ಹಾಗೇ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಕಾರಿನಲ್ಲಿ ಊರಿಗೆ ಹೊರಟಿರುವ ಎಲ್ಲರಿಗೂ,

ನಮಸ್ಕಾರ.

ನಮ್ಮ ಮನೆಯಲ್ಲಿ ಅಡುಗೆಮನೆ ಬಾಗಿಲಿನ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆಗಳಿವೆ. ಮಕ್ಕಳ ಒಂದೊಂದು ಹುಟ್ಟುಹಬ್ಬಕ್ಕೂ ಒಂದೊಂದು ಗೆರೆ. ಎಡಗಡೆ ಮಗಳದ್ದು, ಬಲಗಡೆ ಮಗನದ್ದು. ಇಂಥ ಗೆರೆಗಳು ಎಷ್ಟೋ ಮನೆಗಳಲ್ಲಿ ಇರುತ್ತವೆ. ನಮ್ಮಲ್ಲಿ ಒಂದು ಗೆರೆ ಜಾಸ್ತಿ ಇದೆ, ಕೆಂಪು ಸ್ಕೆಚ್ ಪೆನ್ನಿನದ್ದು. ನೆಲದಿಂದ ಸರಿಯಾಗಿ 145 ಸೆಂಟಿಮೀಟರ್ ಮೇಲೆ. ಅದು ಯಾಕೆ ಅಲ್ಲಿದೆ ಅಂತ ಹೇಳುವುದಕ್ಕೇ ಈ ಪತ್ರ.

ಆರು ವರ್ಷದ ಹಿಂದಿನ ದಸರಾ ರಜೆ. ಬೆಂಗಳೂರಿನಿಂದ ಹಾಸನದ ದಾರಿ ಹಿಡಿದಿದ್ದೆವು. ನೆಲಮಂಗಲ, ಕುಣಿಗಲ್ ಆಯಿತು. ಯಡಿಯೂರಿನಲ್ಲಿ ಇಳಿದು ಕೈಮುಗಿದಿದ್ದೂ ಆಯಿತು. ಬೆಳ್ಳೂರು ಕ್ರಾಸ್ ದಾಟಿ ಸ್ವಲ್ಪ ಮುಂದೆ ಬಂದಿದ್ದೆವು. ನನ್ನ ಗಂಡ ಗಾಡಿ ಓಡಿಸುತ್ತಿದ್ದರು. ಪಕ್ಕದ ಸೀಟಿನಲ್ಲಿ ಅತ್ತೆ, ಅವರ ತೊಡೆ ಮೇಲೆ ಮೂರು ವರ್ಷದ ಮಗಳು. ಹಿಂದೆ ನಾನು, ಎರಡು ಬ್ಯಾಗು ಮತ್ತು ಅತ್ತೆಯ ತಂಗಿಗೆ ಅಂತ ತಗೊಂಡಿದ್ದ ಹೊಸ ಕುಕ್ಕರಿನ ಡಬ್ಬ. ಡಬ್ಬ ಜಾರದಿರಲಿ ಅಂತ ಅದಕ್ಕೆ ಸೀಟ್ ಬೆಲ್ಟ್ ಹಾಕಿದ್ದೆ. ನಗಬೇಡಿ, ನಿಜವಾಗಲೂ ಹಾಕಿದ್ದೆ.

ಡಿವೈಡರ್ ಸಂದಿಯಿಂದ ಹುಲ್ಲಿನ ಹೊರೆ ಹೇರಿಕೊಂಡ ಮೊಪೆಡ್ ಒಂದು ಅಡ್ಡ ಬಂತು. ಇವರು ಬ್ರೇಕ್ ಒತ್ತಿದರು. ಯಾರಿಗೂ ಗುದ್ದಲಿಲ್ಲ, ಗಾಡಿಗೆ ಒಂದು ಗೀರೂ ಬೀಳಲಿಲ್ಲ. ಮೊಪೆಡ್‌ನಾತ ತಿರುಗಿಯೂ ನೋಡದೆ ಹೋದ. ಮಗಳು ಮಾತ್ರ ಅತ್ತೆಯ ಕೈಯಿಂದ ಜಾರಿ, ಡ್ಯಾಶ್‌ಬೋರ್ಡಿಗೆ ಗದ್ದ ಬಡಿದುಕೊಂಡು ಅವರ ಕಾಲ ಹತ್ತಿರ ಬಿದ್ದಿದ್ದಳು. ಕುಕ್ಕರಿನ ಡಬ್ಬ ಇದ್ದ ಜಾಗದಲ್ಲೇ ಇತ್ತು.

ಹತ್ತಿರದ ಊರಿನ ಕ್ಲಿನಿಕ್ಕಿನಲ್ಲಿ ಎರಡು ಹೊಲಿಗೆ ಬಿತ್ತು. ಅತ್ತೆ ಅಳುತ್ತಾ ಡಾಕ್ಟರಿಗೆ ಒಂದೇ ಮಾತು ಹೇಳುತ್ತಿದ್ದರು: "ಗಟ್ಟಿಯಾಗೇ ಹಿಡ್ಕೊಂಡಿದ್ದೆ ಸ್ವಾಮಿ, ಎರಡೂ ಕೈಲಿ ಹಿಡ್ಕೊಂಡಿದ್ದೆ." ಡಾಕ್ಟರ್ ಹೊಲಿಗೆ ಹಾಕುತ್ತಲೇ ಹೇಳಿದರು: "ನೀವಲ್ಲ ಅಮ್ಮ, ಯಾರು ಹಿಡ್ಕೊಂಡಿದ್ರೂ ಆಗ್ತಿರ್ಲಿಲ್ಲ."

ಅದು ಸಮಾಧಾನಕ್ಕೆ ಹೇಳಿದ ಮಾತು ಅಂದುಕೊಂಡಿದ್ದೆ. ಮನೆಗೆ ಬಂದ ಮೇಲೆ ಲೆಕ್ಕ ಹಾಕಿದಾಗ ಅರ್ಥವಾಯಿತು. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಗಾಡಿ ಏನಕ್ಕಾದರೂ ಗುದ್ದಿ, ಮುಂಭಾಗ ನಜ್ಜುಗುಜ್ಜಾಗಿ, ಅರ್ಧ ಮೀಟರಿನೊಳಗೆ ನಿಂತಿತು ಅಂದುಕೊಳ್ಳಿ. ಆ ಕ್ಷಣ ಒಳಗಿರುವ ಎಲ್ಲದರ ಮೇಲೂ ಅದರ ತೂಕದ ಸುಮಾರು 20 ಪಟ್ಟು ಬಲ ಬೀಳುತ್ತದೆ. 10 ಕೆ.ಜಿ. ಮಗುವನ್ನು ಹಿಡಿದಿಡಬೇಕಾದರೆ ಎರಡು ಕ್ವಿಂಟಲ್ ತಡೆಯಬೇಕು. ಸಂತೆಯಲ್ಲಿ ಎರಡು ಕ್ವಿಂಟಲ್ ಭತ್ತ ಇಳಿಸಲು ಎಷ್ಟು ಜನ ಬೇಕು ಅಂತ ನಿಮಗೇ ಗೊತ್ತು. ಇನ್ನೊಂದು ಥರ ಹೇಳುವುದಾದರೆ ಅದು ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬಿದ್ದ ಹಾಗೆ. ಮೂರನೇ ಮಹಡಿಯ ಬಾಲ್ಕನಿಯ ಅಂಚಿನಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಯಾರೂ ಕೂರುವುದಿಲ್ಲ, ಅಲ್ವಾ?

ನಮ್ಮದು ಬರೀ ಬ್ರೇಕು. ಗುದ್ದಿದ್ದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಿತ್ತು. ಅದು ಗಂಟೆಗೆ ಸುಮಾರು 300 ಕಿ.ಮೀ. ವೇಗದಲ್ಲಿ ಹೊರಗೆ ಬರುತ್ತದೆ. ಬೆಲ್ಟ್ ಹಾಕಿ, ಸ್ವಲ್ಪ ಹಿಂದಕ್ಕೆ ಕೂತ ದೊಡ್ಡವರ ಎದೆಯನ್ನು ಲೆಕ್ಕಕ್ಕಿಟ್ಟುಕೊಂಡು ಮಾಡಿದ್ದು ಅದು. ತೊಡೆ ಮೇಲಿನ ಮಗುವಿನ ತಲೆ ಅದರ ಬಾಯಿಗೇ ಇರುತ್ತದೆ. 2024ರ ಸೆಪ್ಟೆಂಬರಿನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮುಂದಿನ ಸೀಟಿನಲ್ಲಿ ತಾಯಿಯ ತೊಡೆ ಮೇಲಿದ್ದ ಪುಟ್ಟ ಮಗು ಹೀಗೇ ಹೋಯಿತು ಅಂತ ಪತ್ರಿಕೆಗಳಲ್ಲಿ ಬಂದಿತ್ತು. 2022ರಿಂದ ಈಚೆಗೆ ಬರುವ ಹೊಸ ಕಾರುಗಳಲ್ಲಿ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯ. ಒಳ್ಳೆಯದೇ. ಆದರೆ "ಮುಂದೆ ಕೂತ್ರೆ ಮಗು ಅಳಲ್ಲ" ಅನ್ನುವ ನಮ್ಮ ಹಳೇ ಅಭ್ಯಾಸ ಇದರಿಂದ ಮೊದಲಿಗಿಂತ ಅಪಾಯವಾಗಿದೆ. ಇದನ್ನು ಯಾವ ಶೋರೂಮಿನಲ್ಲೂ ನಮಗೆ ಯಾರೂ ಹೇಳಲಿಲ್ಲ. ಕೀ ಕೊಡುವಾಗ ಹಾರ ಹಾಕಿದರು, ಕೇಕ್ ಕತ್ತರಿಸಿದರು, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟರು.

ಸಚಿವರೇ, ಈಗ ಕಾನೂನಿನ ವಿಷಯ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಯಿತು. 194ಬಿ ಅನ್ನುವ ಕಲಂ ಸೇರಿತು. ಅದೇ ವರ್ಷ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ (ಕಾರಿನ ಸೀಟಿನ ಮೇಲೆ ಕಟ್ಟಿ ಕೂರಿಸುವ, ತನ್ನದೇ ಪಟ್ಟಿಗಳಿರುವ ಪುಟ್ಟ ಸೀಟು) ಭದ್ರ ಮಾಡದೆ ಗಾಡಿ ಓಡಿಸಿದರೆ, ಓಡಿಸಲು ಬಿಟ್ಟರೆ, 1000 ರೂಪಾಯಿ ದಂಡ. ನೋಡಿ, ಕಾನೂನು ಇಲ್ಲ ಅಂತಲ್ಲ. ನಮ್ಮಲ್ಲಿ ಇದೆ. ಬೆಲ್ಟ್ ಹಾಕದ ಡ್ರೈವರಿಗೆ ಚೀಟಿ ಕೊಟ್ಟಿದ್ದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ತೊಡೆ ಮೇಲೆ ಮಗು ಇದೆ ಅಂತ ಗಾಡಿ ನಿಲ್ಲಿಸಿದ್ದನ್ನು ಒಂದು ಸಲವೂ ನೋಡಿಲ್ಲ. ಬೇರೆ ಕಾರಣಕ್ಕೆ ನಿಲ್ಲಿಸಿದ ಪೊಲೀಸರೂ ಮಗುವಿನ ಕೆನ್ನೆ ಹಿಂಡಿ "ಹೋಗಿ ಹೋಗಿ" ಅಂತಾರೆ. ಮಗು ಇದ್ದರೆ ಫೈನ್ ತಪ್ಪಿಸಿಕೊಳ್ಳಬಹುದು ಅನ್ನುವುದು ನಮ್ಮಲ್ಲಿ ಜನಕ್ಕೆ ಚೆನ್ನಾಗಿ ಗೊತ್ತಿರುವ ಉಪಾಯ.

ನನ್ನ ತಕರಾರು ಫೈನ್ ಬಗ್ಗೆ ಅಲ್ಲ. ಆ ಕಲಮಿನೊಳಗಿನ 'ಅಥವಾ' ಅನ್ನುವ ಪದದ ಬಗ್ಗೆ.

ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು. ಯಾವ ವಯಸ್ಸಿಗೆ ಯಾವುದು? ಎಷ್ಟು ಎತ್ತರಕ್ಕೆ ಯಾವುದು? ಕಲಂ ಏನೂ ಹೇಳುವುದಿಲ್ಲ. ಒಂದೂವರೆ ವರ್ಷದ ಕೂಸಿಗೆ ದೊಡ್ಡವರ ಬೆಲ್ಟ್ ಸುತ್ತಿದರೂ ಅಕ್ಷರದ ಪ್ರಕಾರ ಸರಿಯೇ. 13 ವರ್ಷದ, ಅಪ್ಪನ ಎತ್ತರ ಬೆಳೆದ ಹುಡುಗನೂ ಅದೇ ಸಾಲಿನಲ್ಲಿ. ತಮಾಷೆ ಏನೆಂದರೆ, ಸೀಟು ತಯಾರಿಸುವವರಿಗೆ ಮಾತ್ರ ಬಿಡಿಸಿ ಬಿಡಿಸಿ ಹೇಳಿದ್ದಾರೆ. ಎಐಎಸ್-072 ಅನ್ನುವ ನಮ್ಮದೇ ದೇಶದ ಮಾನದಂಡದಲ್ಲಿ ತೂಕದ ಪ್ರಕಾರ ಗುಂಪುಗಳಿವೆ: 13 ಕೆ.ಜಿ. ಒಳಗೆ ಒಂದು, 9ರಿಂದ 18ಕ್ಕೆ ಒಂದು, 15ರಿಂದ 25ಕ್ಕೆ ಒಂದು, 22ರಿಂದ 36ಕ್ಕೆ ಒಂದು. ಕಾರ್ಖಾನೆಗೆ ಗೊತ್ತು. ಅಪ್ಪ ಅಮ್ಮನಿಗೆ ಗೊತ್ತಿಲ್ಲ.

ದ್ವಿಚಕ್ರ ವಾಹನದ ವಿಷಯದಲ್ಲಿ ಇದೇ ಸರ್ಕಾರಿ ಭಾಷೆ ಎಷ್ಟು ಸ್ಪಷ್ಟವಾಗಿದೆ ನೋಡಿ. 2022ರ ಫೆಬ್ರವರಿಯಲ್ಲಿ ಕೇಂದ್ರ ಒಂದು ನಿಯಮ ತಂದಿತು. ಒಂದು ವರ್ಷ ಬಿಟ್ಟು ಜಾರಿ. ನಾಲ್ಕು ವರ್ಷದೊಳಗಿನ ಮಗು ಹಿಂದೆ ಕೂತಿದ್ದರೆ ಹೆಲ್ಮೆಟ್ ಬೇಕು, ಸವಾರರಿಗೆ ಸೇರಿಸಿ ಕಟ್ಟುವ ಪಟ್ಟಿ ಬೇಕು, ವೇಗ 40 ಕಿ.ಮೀ. ಮೀರಬಾರದು. ವಯಸ್ಸು ಹೇಳಿದ್ದಾರೆ, ವೇಗ ಹೇಳಿದ್ದಾರೆ, ಪಟ್ಟಿ ಹೇಗಿರಬೇಕು ಅಂತಲೂ ಹೇಳಿದ್ದಾರೆ. ಪಾಲಿಸುವವರು ಎಷ್ಟು ಅನ್ನುವುದು ಬೇರೆ ಕಥೆ, ಶಾಲೆ ಬಿಡುವ ಹೊತ್ತಿಗೆ ಯಾವುದಾದರೂ ಗೇಟಿನ ಮುಂದೆ ನಿಂತರೆ ಗೊತ್ತಾಗುತ್ತದೆ. ಆದರೂ ಬರೆದಾದರೂ ಇಟ್ಟಿದ್ದಾರೆ. ಕಾರಿನ ವಿಷಯಕ್ಕೆ ಬಂದಾಗ 'ಅಥವಾ' ಅಂದು ಕೈತೊಳೆದುಕೊಂಡರು.

ಇಂಥದ್ದೇ ಒಂದು 'ಅಥವಾ' ಅಮೆರಿಕದ ಟೆನೆಸ್ಸೀ ರಾಜ್ಯದಲ್ಲೂ ಇತ್ತು. ಚಿಕ್ಕ ಮಕ್ಕಳಿಗೆ ಕಾರಿನಲ್ಲಿ ಸೀಟು ಕಡ್ಡಾಯ ಮಾಡಿದ ಮೊದಲ ಅಮೆರಿಕನ್ ರಾಜ್ಯ ಅದು. 1978ರ ಆರಂಭದಿಂದ ಜಾರಿ. ರಾಬರ್ಟ್ ಸ್ಯಾಂಡರ್ಸ್ ಅನ್ನುವ ಮಕ್ಕಳ ಡಾಕ್ಟರ್ ಶಾಸಕರ ಬೆನ್ನು ಬಿದ್ದು ಮಾಡಿಸಿದ ಕಾನೂನು. ಆದರೆ ಶಾಸನಸಭೆಯಲ್ಲಿ ಯಾರೋ ಒಂದು ತಿದ್ದುಪಡಿ ಸೇರಿಸಿಬಿಟ್ಟರು: ಸೀಟಿನಲ್ಲಿ ಕೂರಿಸಬೇಕು, ಅಥವಾ ದೊಡ್ಡವರು ತೋಳಲ್ಲಿ ಎತ್ತಿಕೊಂಡಿರಬೇಕು. ಕೇಳುವುದಕ್ಕೆ ಎಷ್ಟು ಹಿತವಾಗಿದೆ! ತಾಯಿಯ ತೋಳಿಗಿಂತ ಭದ್ರ ಇನ್ನೇನಿದೆ ಅಂತ ಅಲ್ಲಿಯವರಿಗೂ ಅನಿಸಿತು. ಸ್ಯಾಂಡರ್ಸ್ ಆ ಸಾಲಿಗೆ 'ಮಗುವನ್ನು ಜಜ್ಜುವ ತಿದ್ದುಪಡಿ' ಅಂತಲೇ ಹೆಸರಿಟ್ಟರು. ಗುದ್ದಿದಾಗ ಎತ್ತಿಕೊಂಡವರ ಮೈಗೂ ಡ್ಯಾಶ್‌ಬೋರ್ಡಿಗೂ ನಡುವೆ ಸಿಕ್ಕಿ ಮಗು ಅಪ್ಪಚ್ಚಿಯಾಗುತ್ತದೆ ಅಂತ. ಕೊನೆಗೆ 1981ರಲ್ಲಿ ಆ ಸಾಲನ್ನು ಕಿತ್ತುಹಾಕಿದರು.

ನಮ್ಮ 'ಅಥವಾ' ಅಷ್ಟು ಕೆಟ್ಟದ್ದಲ್ಲ, ತೊಡೆಯನ್ನು ಅದು ಒಪ್ಪುವುದಿಲ್ಲ. ಆದರೆ ಬೆಳೆಯುವ ಮಗುವಿನ ಮೈ ಎಂಥದ್ದು ಅನ್ನುವುದನ್ನು ಅದು ಲೆಕ್ಕಕ್ಕೇ ತಗೊಂಡಿಲ್ಲ. ಮಗು ಅಂದರೆ ದೊಡ್ಡವರನ್ನು ಚಿಕ್ಕದು ಮಾಡಿದ್ದಲ್ಲ. ಹುಟ್ಟಿದ ಕೂಸಿನ ತಲೆ ಅದರ ಮೈಯುದ್ದದ ಕಾಲು ಭಾಗ ಇರುತ್ತದೆ. ಅಷ್ಟು ಭಾರದ ತಲೆ, ಇಷ್ಟೇ ಇಷ್ಟು ಕತ್ತು. "ಕತ್ತು ನಿಂತಿಲ್ಲ, ಹುಷಾರು" ಅಂತ ನಮ್ಮ ಅಜ್ಜಿಯರು ಎತ್ತಿಕೊಳ್ಳುವವರಿಗೆಲ್ಲ ಹೇಳುತ್ತಾರಲ್ಲ, ಕೂಸಿನ ಮುಖ ಕಾರಿನ ಹಿಂಭಾಗಕ್ಕೆ ಬರುವ ಹಾಗೆ ಕೂರಿಸುವ ಸೀಟಿನ ಗುಟ್ಟು ಪೂರ್ತಿ ಆ ಮಾತಿನಲ್ಲಿದೆ. ಗಾಡಿ ಗಕ್ಕನೆ ನಿಂತಾಗ ಮುಂದೆ ನೋಡುತ್ತಾ ಕೂತ ಕೂಸಿನ ತಲೆ ಮುಂದಕ್ಕೆ ಚಿಮ್ಮುತ್ತದೆ, ಮೈ ಬೆಲ್ಟಿನಲ್ಲಿ ನಿಲ್ಲುತ್ತದೆ, ಎರಡರ ಮಧ್ಯೆ ಕತ್ತು. ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಸೀಟಿನ ಬೆನ್ನಿಗೆ ಒರಗುತ್ತವೆ. ತೊಟ್ಟಿಲಲ್ಲಿ ಮಲಗಿದ ಹಾಗೆ. 1960ರ ದಶಕದಲ್ಲಿ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಅನ್ನುವ ಡಾಕ್ಟರಿಗೆ ಈ ಸೀಟು ಹೊಳೆದದ್ದು ಗಗನಯಾತ್ರಿಗಳನ್ನು ನೋಡಿ. ರಾಕೆಟ್ ಹೊರಡುವಾಗ ಅವರು ಬಲಕ್ಕೆ ಬೆನ್ನು ಕೊಟ್ಟು ಮಲಗಿರುತ್ತಾರೆ. ಸ್ವೀಡನ್ನಿನಲ್ಲಿ ಈಗಲೂ ಮಕ್ಕಳನ್ನು ನಾಲ್ಕು ವರ್ಷದ ಹತ್ತಿರದವರೆಗೂ ಹಿಂದಕ್ಕೆ ಮುಖ ಮಾಡಿಯೇ ಕೂರಿಸುತ್ತಾರೆ.

ಮಗ ಹುಟ್ಟಿದಾಗ ನಾವು ಅಂಥ ಸೀಟು ತಂದೆವು. ಅಂಗಡಿಯ ಹುಡುಗನೇ ಕಾರಿಗೆ ಕೂರಿಸಿಕೊಟ್ಟ. ಮುಂದಕ್ಕೆ ಮುಖ ಮಾಡಿ! "ಮಗು ರೋಡ್ ನೋಡ್ಬೇಕಲ್ಲ ಮೇಡಂ, ಇಲ್ದಿದ್ರೆ ಬೋರ್ ಆಗತ್ತೆ." ಮಗನಿಗೆ ಆಗ ಇಪ್ಪತ್ತು ದಿನ. ಅವನಿಗೆ ರಸ್ತೆ ಬೋರಾಗುವ ವಯಸ್ಸಲ್ಲ ಅಂತ ನಾನೂ ಹೇಳಲಿಲ್ಲ, ನನಗೂ ಆಗ ಗೊತ್ತಿರಲಿಲ್ಲ. ಸಂಜೆ ಡಬ್ಬದೊಳಗಿನ ಪುಸ್ತಕ ತೆಗೆದು ಓದಿದ ಮೇಲೆ ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆವು. ಬೆಲ್ಟ್ ಹೋಗುವ ಸಂದಿಯೇ ಬೇರೆ, ಅವನು ತೂರಿಸಿದ್ದ ಸಂದಿಯೇ ಬೇರೆ.

ಸರಿಯಾಗಿ ಕೂತಿದೆಯಾ ಅಂತ ನೋಡುವುದು ಕಷ್ಟವಲ್ಲ. ಕಾರಿನ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಸೀಟನ್ನು ಹಿಡಿದು ಆಚೀಚೆ ಅಲ್ಲಾಡಿಸಿ. ಒಂದು ಇಂಚಿಗಿಂತ ಜಾಸ್ತಿ ಅಲ್ಲಾಡಿದರೆ ಸಡಿಲವಿದೆ. ಆಮೇಲೆ ಮಗುವನ್ನು ಕೂರಿಸಿ, ಪಟ್ಟಿ ಎಳೆದು, ಭುಜದ ಹತ್ತಿರ ಪಟ್ಟಿಯನ್ನು ಬೆರಳಲ್ಲಿ ಚಿವುಟಿ ನೋಡಿ. ಚಿವುಟಲು ಸಿಕ್ಕರೆ ಇನ್ನೂ ಬಿಗಿ ಮಾಡಬೇಕು. ಹಿಂದಕ್ಕೆ ಮುಖ ಮಾಡಿದ್ದರೆ ಪಟ್ಟಿ ಭುಜದ ಮಟ್ಟದಿಂದ ಅಥವಾ ಅದಕ್ಕಿಂತ ಸ್ವಲ್ಪ ಕೆಳಗಿನಿಂದ ಬರಬೇಕು. ಮುಂದಕ್ಕೆ ತಿರುಗಿಸಿದ ಮೇಲೆ ಭುಜದ ಮಟ್ಟದಿಂದ ಅಥವಾ ಮೇಲಿನಿಂದ. ಹಿಂಮುಖದ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಯಾವತ್ತೂ ಇಡಬಾರದು. ನಮ್ಮ ಬಿಸಿಲಿಗೆ ಇನ್ನೊಂದು ಮಾತು ಸೇರಿಸಬೇಕು: ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಕಲ್ಲಿನ ಲೋಹದ ನಾಲಿಗೆ ಕಾವಲಿ ಥರ ಕಾದಿರುತ್ತದೆ. ಇಳಿದು ಹೋಗುವಾಗ ಸೀಟಿನ ಮೇಲೊಂದು ಟವಲ್ ಹೊದಿಸಿ. ಬಕಲ್ ಸಂದಿಯಲ್ಲಿ ಚಕ್ಕುಲಿ ಪುಡಿ ಸೇರಿಕೊಂಡು ಒಂದು ದಿನ ಲಾಕ್ ಆಗದೇ ಹೋದದ್ದೂ ಇದೆ. ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದೆ.

ಮಗನ ವಿಷಯದಲ್ಲಿ ಇಷ್ಟೆಲ್ಲ ಜೋರು ಮಾಡಿದ ನಾನು ಮಗಳ ವಿಷಯದಲ್ಲಿ ಮತ್ತೆ ಎಡವಿದೆ. ಹೊಲಿಗೆ ಬಿದ್ದ ಮೇಲೆ ಅವಳಿಗೂ ಒಂದು ಸೀಟು ತಂದಿದ್ದೆವು. ಐದು ದಾಟಿದ ಮೇಲೆ ಅದು ಬಿಗಿಯಾಯಿತು. "ದೊಡ್ಡವಳಾದೆ ಪುಟ್ಟಿ" ಅಂತ ಹೇಳಿ ಕಾರಿನ ಬೆಲ್ಟ್ ಹಾಕಿ ಕೂರಿಸಿದೆವು. ಅವಳಿಗೂ ಖುಷಿ. ಅಂತೂ ಬೆಲ್ಟ್ ಹಾಕುತ್ತಿದ್ದಾಳಲ್ಲ ಅಂತ ನಮಗೂ ಸಮಾಧಾನ. ಒಂದು ದಿನ ತಿರುಗಿ ನೋಡಿದರೆ ಬೆಲ್ಟಿನ ಮೇಲಿನ ಭಾಗ ಕಂಕುಳ ಕೆಳಗಿದೆ. ಯಾಕೆ ಅಂತ ಕೇಳಿದರೆ "ಕತ್ತಿಗೆ ಉಜ್ಜತ್ತೆ ಅಮ್ಮ" ಅಂದಳು. ಕೆಳಗಿನ ಭಾಗ ಹೊಟ್ಟೆಯ ಮೇಲಿತ್ತು. ಕಾಲು ಮಡಚಲು ಆಗುತ್ತಿರಲಿಲ್ಲ, ಅದಕ್ಕೇ ಮುಂದಕ್ಕೆ ಜಾರಿ ಜಾರಿ ಕೂರುತ್ತಿದ್ದಳು.

ಬೆಲ್ಟಿನ ಕೆಲಸ ಎಲುಬನ್ನು ಹಿಡಿಯುವುದು. ಸೊಂಟದ ಎಲುಬು, ಭುಜದ ಎಲುಬು, ಎದೆಗೂಡು. ಚಿಕ್ಕ ಮಕ್ಕಳ ಸೊಂಟದ ಎಲುಬು ಇನ್ನೂ ಬಲಿತಿರುವುದಿಲ್ಲ, ಬೆಲ್ಟ್ ಅದರ ಮೇಲೆ ನಿಲ್ಲದೆ ಹೊಟ್ಟೆಗೆ ಏರುತ್ತದೆ. ಗುದ್ದಿದಾಗ ಅದು ಹಿಡಿಯುವುದು ಕರುಳನ್ನು. ಹಿಂದೆ ಇರುವ ಬೆನ್ನುಮೂಳೆಯನ್ನು. ಕಂಕುಳ ಕೆಳಗೆ ಸರಿಸಿದ ಪಟ್ಟಿ ಪಕ್ಕೆಲುಬು ಮುರಿಯುತ್ತದೆ. ಬೆಲ್ಟ್ ಹಾಕಿದ್ದಾರೆ, ಕಾನೂನಿನ ಪ್ರಕಾರ ಸರಿಯಾಗಿದ್ದಾರೆ, ಆದರೆ ಆ ಬೆಲ್ಟ್ ಅವರ ಅಳತೆಯದಲ್ಲ.

ಇದಕ್ಕೆ ಬೇಕಾಗಿರುವುದು ಏನೋ ದೊಡ್ಡ ಯಂತ್ರವಲ್ಲ, ಒಂದು ಮಣೆ. ಬೂಸ್ಟರ್ ಅಂತಾರೆ. ಕಟಿಂಗ್ ಶಾಪಿನಲ್ಲಿ ಚಿಕ್ಕ ಹುಡುಗರು ಬಂದರೆ ಕುರ್ಚಿಯ ಎರಡು ಕೈಗಳ ಮೇಲೆ ಒಂದು ಹಲಗೆ ಹಾಕಿ, ಅದರ ಮೇಲೆ ಕೂರಿಸುತ್ತಾರೆ. ಕುರ್ಚಿ ದೊಡ್ಡವರ ಅಳತೆಯದು, ಮಗುವನ್ನು ಅದರ ಅಳತೆಗೆ ಎತ್ತಬೇಕು, ಅಷ್ಟೇ. ಬೂಸ್ಟರ್ ಮಾಡುವುದೂ ಅದನ್ನೇ. ಮಗುವನ್ನು ಎತ್ತರಿಸುತ್ತದೆ, ಕೆಳಗಿನ ಬೆಲ್ಟ್ ತೊಡೆಯ ಬುಡದಲ್ಲಿ ಸೊಂಟದ ಮೇಲೆ ಕೂರುತ್ತದೆ, ಮೇಲಿನದು ಭುಜದ ಮಧ್ಯೆ. ಕಟಿಂಗ್ ಶಾಪಿನವರಿಗೆ ತಲೆತಲಾಂತರದಿಂದ ಗೊತ್ತಿರುವ ವಿಷಯ ನಮ್ಮ ಕಾಯ್ದೆಗೆ ಗೊತ್ತಿಲ್ಲ.

ಈ ಮಣೆ ಎಲ್ಲಿಯವರೆಗೆ ಬೇಕು? ಬೆನ್ನು ಸೀಟಿಗೆ ಪೂರ್ತಿ ಒರಗಿದಾಗ ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚಬೇಕು. ಬೆಲ್ಟ್ ಮೇಲೂ ಕೆಳಗೂ ಸರಿಯಾದ ಜಾಗದಲ್ಲಿ ಕೂರಬೇಕು. ನಿದ್ದೆ ಬಂದರೂ ದಾರಿಯುದ್ದಕ್ಕೂ ಹಾಗೇ ಕೂತಿರಬೇಕು. ಸಾಮಾನ್ಯವಾಗಿ ಇದು ಆಗುವುದು 145 ಸೆಂಟಿಮೀಟರ್ ಹತ್ತಿರ ಬಂದ ಮೇಲೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಅಷ್ಟು ಹೊತ್ತಿಗೆ ಹನ್ನೊಂದೋ ಹನ್ನೆರಡೋ ಆಗಿರುತ್ತದೆ. ನಮ್ಮ ಚೌಕಟ್ಟಿನ ಕೆಂಪು ಗೆರೆ ಅದೇ.

ನೆರೆಯ ಕೇರಳದಲ್ಲಿ 2024ರ ಅಕ್ಟೋಬರಿನಲ್ಲಿ ಸಾರಿಗೆ ಇಲಾಖೆಯವರು ಇದನ್ನು ಬಿಡಿಸಿ ಹೇಳಲು ಹೊರಟರು. ಚಿಕ್ಕವರಿಗೆ ಸೀಟು, ನಾಲ್ಕು ದಾಟಿದವರಿಗೆ 135 ಸೆಂಟಿಮೀಟರ್ ಆಗುವವರೆಗೆ ಬೂಸ್ಟರ್, ಡಿಸೆಂಬರಿನಿಂದ ದಂಡ ಅಂತ. ಗಲಾಟೆ ಆಯಿತು. ಅಲ್ಲಿಯ ಸಾರಿಗೆ ಸಚಿವರೇ ಮುಂದೆ ಬಂದು ಸದ್ಯಕ್ಕೆ ದಂಡ ಇಲ್ಲ ಅಂದರು. ನನಗೆ ಅವರ ಮೇಲೆ ಕೋಪ ಇಲ್ಲ. ಎರಡು ತಿಂಗಳಲ್ಲಿ ಎಲ್ಲರೂ ಸೀಟು ತನ್ನಿ ಅಂದರೆ ಜನ ರೇಗುತ್ತಾರೆ. ಆದರೆ ದಂಡ ಬಿಟ್ಟ ಜೊತೆಗೆ ವಿಷಯವೇ ಬಿಟ್ಟುಹೋಯಿತಲ್ಲ, ಅದು ನೋವು.

ಜನ ಹೇಳುವ ಮಾತುಗಳೂ ನನಗೆ ಗೊತ್ತು, ನಮ್ಮ ಮನೆಯಲ್ಲೇ ಕೇಳಿದ್ದೇನೆ. "ಮಗೂನ ಕಟ್ಟಿಹಾಕ್ತೀರಾ?" "ನಾವೆಲ್ಲ ಹಂಗೇ ಬೆಳೀಲಿಲ್ವಾ?" ಬೆಳೆದೆವು, ನಿಜ. ಅಂಬಾಸಡರ್ ಕಾರಿನಲ್ಲಿ ಒಂಬತ್ತು ಜನ ತುಂಬಿಕೊಂಡು, ಗುಂಡಿ ರಸ್ತೆಯಲ್ಲಿ 40ರ ಮೇಲೆ ಹೋಗಲಾಗದೆ ಬೆಳೆದೆವು. ಇವತ್ತು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ 100ರ ಮಿತಿ. ಅದನ್ನೂ ದಾಟಿ ಹೋಗುವವರಿದ್ದಾರೆ. ಬೆಳೆಯದೇ ಹೋದವರು ಈ ಮಾತಿಗೆ ಉತ್ತರ ಕೊಡಲು ಇಲ್ಲ ಅನ್ನುವುದು ಇನ್ನೊಂದು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ಸೀಟ್ ಬೆಲ್ಟ್ ಹಾಕದೆ ಸತ್ತವರು 16,715. ಅದರಲ್ಲಿ 8,331 ಜನ ಡ್ರೈವರ್ ಅಲ್ಲದವರು, ಸುಮ್ನೆ ಕೂತಿದ್ದವರು. ಮಕ್ಕಳ ಸೀಟು ಸಾವನ್ನು ಶೇಕಡ 60ರಷ್ಟಾದರೂ ತಗ್ಗಿಸುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

"ನಮ್ಮದು ಫೈವ್ ಸ್ಟಾರ್ ಕಾರು" ಅನ್ನುವವರಿಗೂ ಒಂದು ಮಾತು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಅನ್ನುವ ಸರ್ಕಾರಿ ಯೋಜನೆ ಕಾರುಗಳನ್ನು ಗುದ್ದಿಸಿ ನೋಡಿ ಸ್ಟಾರ್ ಕೊಡುತ್ತಿದೆ. ಮಕ್ಕಳ ಸುರಕ್ಷತೆಗೆ ಬೇರೆಯೇ 49 ಅಂಕ. ಆ ಪರೀಕ್ಷೆಯಲ್ಲಿ ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಕ್ಕಳ ಅಳತೆಯ ಬೊಂಬೆಗಳಿರುತ್ತವೆ. ಬೊಂಬೆಗಳು ಕೂತಿರುವುದು ಹಿಂದಿನ ಸೀಟಿನಲ್ಲಿ, ಮಕ್ಕಳ ಸೀಟಿನೊಳಗೆ, ಪಟ್ಟಿ ಬಿಗಿದುಕೊಂಡು. ಅಜ್ಜಿಯ ತೊಡೆ ಮೇಲಲ್ಲ. ನೀವು ದುಡ್ಡು ಕೊಟ್ಟು ತಂದ ಆ ಸ್ಟಾರು ಸೀಟಿಲ್ಲದ ಮಗುವಿಗೆ ಲೆಕ್ಕಕ್ಕೆ ಬರುವುದಿಲ್ಲ.

ದುಡ್ಡಿನ ವಿಷಯ ಮಾತ್ರ ಸುಳ್ಳಲ್ಲ. ನಾವು ನೋಡಿದಾಗ ಒಳ್ಳೆಯ ಸೀಟುಗಳು ಐದಾರು ಸಾವಿರದಿಂದ ಶುರುವಾಗಿ ಮೂವತ್ತು ಸಾವಿರ ದಾಟುತ್ತಿದ್ದವು. ಅದೂ ಮೂರು ನಾಲ್ಕು ವರ್ಷದ ಮಾತು, ಆಮೇಲೆ ಇನ್ನೊಂದು. ಇಎಂಐ ಮೇಲೆ ಹಳೇ ಕಾರು ತಗೊಂಡವರಿಗೆ ಇದು ಭಾರವೇ. ನಮ್ಮಲ್ಲಿ ತೊಟ್ಟಿಲು ಮನೆಯಿಂದ ಮನೆಗೆ ಓಡಾಡುತ್ತದೆ, ಅಕ್ಕನ ಮಗು ಮಲಗಿದ್ದರಲ್ಲಿ ತಂಗಿಯ ಮಗುವೂ ಮಲಗುತ್ತದೆ. ಸೀಟೂ ಹಾಗೇ ಓಡಾಡಬಹುದು. ಅಪಘಾತ ಆದ ಕಾರಿನಲ್ಲಿ ಇದ್ದದ್ದಲ್ಲ ಅಂತ ಖಾತ್ರಿ ಇರಬೇಕು, ಕೆಳಗೆ ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾದ ತಾರೀಕು ತೀರಾ ಹಳೆಯದಾಗಿರಬಾರದು, ಪಟ್ಟಿ ಎಲ್ಲೂ ಹರಿದಿರಬಾರದು. ತೊಟ್ಟಿಲು ಶಾಸ್ತ್ರಕ್ಕೆ ತವರಿನವರು ಬೆಳ್ಳಿ ಬಟ್ಟಲು ತರುವ ಬದಲು ಇದನ್ನು ತಂದರೆ ಯಾರೂ ಆಡಿಕೊಳ್ಳುವುದಿಲ್ಲ. ಆಡಿಕೊಂಡರೂ ಪರವಾಗಿಲ್ಲ.

ಸರ್ಕಾರ ಏನು ಮಾಡಬಹುದು ಅಂತ ನೀವು ಕೇಳಬಹುದು. ಕಾಯ್ದೆ ಕೇಂದ್ರದ್ದು, 'ಅಥವಾ' ತೆಗೆಯುವುದು ನಿಮ್ಮೊಬ್ಬರ ಕೈಯಲ್ಲಿಲ್ಲ, ಒಪ್ಪುತ್ತೇನೆ. ಆದರೆ ಕೇಂದ್ರಕ್ಕೆ ಪತ್ರ ಬರೆಯಬಹುದು. ಅದು ಬದಲಾಗುವವರೆಗೆ ಒಂದು ಸುತ್ತೋಲೆ ಹೊರಡಿಸಿ, ಎತ್ತರ ತೂಕದ ಪ್ರಕಾರ ಯಾವ ಮಗುವಿಗೆ ಏನು ಅಂತ ಕನ್ನಡದಲ್ಲಿ, ಚಿತ್ರ ಸಮೇತ ಒಂದೇ ಪುಟದಲ್ಲಿ ಹೇಳಬಹುದು. ಬಸುರಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿ ಆ ಪುಟ ಸೇರಿಸಿ. ಲಸಿಕೆಯ ದಿನ ಆಶಾ ಕಾರ್ಯಕರ್ತೆ ತಿರುಗಿಸಿ ತೋರಿಸುತ್ತಾರೆ. ಎಲ್‌ಎಲ್‌ಆರ್ ಪರೀಕ್ಷೆಯಲ್ಲಿ ಇದರ ಬಗ್ಗೆ ಒಂದು ಪ್ರಶ್ನೆ ಇರಲಿ. ಬಾಣಂತಿ ಮತ್ತು ಕೂಸನ್ನು ಸರ್ಕಾರಿ ಆಸ್ಪತ್ರೆಯಿಂದ ಮನೆಗೆ ಬಿಡುವ ನಗು-ಮಗು ವಾಹನಗಳಲ್ಲಿ ಕೂಸಿಗೆ ಒಂದು ಸೀಟು ಇಡಿಸಿ. ಮಗು ಮೊದಲ ಸಲ ಗಾಡಿ ಹತ್ತುವುದೇ ಅಲ್ಲಿ. ತಾಲ್ಲೂಕು ಆಸ್ಪತ್ರೆಯಲ್ಲೋ ಆರ್‌ಟಿಓ ಕಚೇರಿಯಲ್ಲೋ ಲೈಬ್ರರಿ ಪುಸ್ತಕದ ಹಾಗೆ ಠೇವಣಿ ಇಟ್ಟು ಸೀಟು ಒಯ್ಯುವ ವ್ಯವಸ್ಥೆ ಬಂದರೆ ಬಡವರಿಗೂ ಕೈಗೆಟುಕುತ್ತದೆ.

ಇನ್ನೊಂದಿದೆ. ಸರ್ಕಾರಕ್ಕೆ ಒಂದು ರೂಪಾಯಿ ಖರ್ಚಿಲ್ಲದ್ದು. ನನ್ನ ತಂಗಿ ಅಮೆರಿಕದಲ್ಲಿದ್ದಾಳೆ. ಹೆರಿಗೆಯಾಗಿ ಮನೆಗೆ ಹೊರಡುವಾಗ ನರ್ಸ್ ಮೊದಲು ಕೇಳಿದ್ದು "ಕಾರಿಗೆ ಸೀಟು ಇದೆಯಾ?" ಅಂತ. ಅಲ್ಲಿ ಸೀಟಿಲ್ಲದೆ ಪಕ್ಕದ ಬೀದಿಗೂ ಹೋಗದವಳು ಹೋದ ವರ್ಷ ಬೆಂಗಳೂರಿಗೆ ಬಂದಾಗ ಏರ್‌ಪೋರ್ಟಿನಿಂದ ರಾಜಾಜಿನಗರದವರೆಗೆ ಟ್ಯಾಕ್ಸಿಯಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಬಂದಳು. ನಾನು ಬೈದೆ. "ಬೆಲ್ಟ್ ಹಾಕೋಣ ಅಂತ ಹುಡುಕ್ದೆ ಅಕ್ಕ, ಬಕಲ್ಲೇ ಸಿಗ್ಲಿಲ್ಲ" ಅಂದಳು. ನಿಜ. ನಮ್ಮ ಎಷ್ಟೋ ಟ್ಯಾಕ್ಸಿಗಳಲ್ಲಿ ಹಿಂದಿನ ಸೀಟಿನ ಬಕಲ್ ಸೀಟ್ ಕವರಿನ ಕೆಳಗೆ ಹೂತುಹೋಗಿರುತ್ತದೆ. ಕವರ್ ಹೊಲಿಯುವಾಗ ಅದಕ್ಕೊಂದು ಸಂದಿ ಬಿಡುವ ತಾಪತ್ರಯ ಯಾರೂ ತಗೊಳ್ಳುವುದಿಲ್ಲ. ಬೆಲ್ಟ್ ಇಲ್ಲದೆ ಸೀಟೂ ನಿಲ್ಲದು, ಬೂಸ್ಟರೂ ನಿಲ್ಲದು. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಕೂತಿದ್ದದ್ದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಆಗ ಒಂದು ತಿಂಗಳು ಎಲ್ಲರೂ ಹಿಂದಿನ ಬೆಲ್ಟಿನ ಬಗ್ಗೆ ಮಾತಾಡಿದರು. ಟ್ಯಾಕ್ಸಿಗಳು ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿಗೆ, ಬಂದಾಗ ನಿಮ್ಮ ಇನ್‌ಸ್ಪೆಕ್ಟರ್ ಹಿಂದಿನ ಬಾಗಿಲು ತೆಗೆದು ಮೂರೂ ಬಕಲ್ ಮೇಲಿವೆಯಾ, ಕಟ್ ಅಂತ ಕೂರುತ್ತವೆಯಾ ಅಂತ ನೋಡಲಿ. ಇಲ್ಲದಿದ್ದರೆ ಕವರ್ ಬಿಚ್ಚಿಸಲಿ. ಅರ್ಧ ನಿಮಿಷದ ಕೆಲಸ.

ಫೈನ್ ಆಮೇಲೆ ಹಾಕಿ. ಮೊದಲ ವರ್ಷ ಗಾಡಿ ನಿಲ್ಲಿಸಿ ಆ ಚಿತ್ರದ ಪುಟ ಕೈಗೆ ಕೊಡಿ ಸಾಕು. ಆದರೆ ನಿಲ್ಲಿಸಿ. ಮಗುವಿನ ಕೆನ್ನೆ ಹಿಂಡಿ ಕಳಿಸಬೇಡಿ.

ಹೋದ ತಿಂಗಳು ಮಗಳಿಗೆ ಒಂಬತ್ತು ತುಂಬಿತು. ಚೌಕಟ್ಟಿಗೆ ಒರಗಿ ನಿಂತಳು. ತಲೆ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದೆ: 131. ಗದ್ದದ ಕೆಳಗಿನ ಹೊಲಿಗೆ ಕಲೆ ಈಗ ಹುಡುಕಿದರೆ ಮಾತ್ರ ಕಾಣುತ್ತದೆ. ಕೆಂಪು ಗೆರೆಗೆ ಇನ್ನೂ 14 ಸೆಂಟಿಮೀಟರ್. ಅವಳ ಕ್ಲಾಸಿನಲ್ಲಿ ಯಾರೂ ಬೂಸ್ಟರ್ ಮೇಲೆ ಕೂರುವುದಿಲ್ಲವಂತೆ, ಫ್ರೆಂಡ್ಸ್ ನಗುತ್ತಾರಂತೆ. ಸ್ವಲ್ಪ ಹೊತ್ತು ಗೆರೆಯನ್ನೇ ನೋಡಿದಳು. ಆಮೇಲೆ ಕೇಳಿದಳು: "ಅಮ್ಮ, ಶೂ ಹಾಕ್ಕೊಂಡು ಅಳೀಬಹುದಾ?"

ಇಂತಿ,
ಇಬ್ಬರು ಮಕ್ಕಳ ತಾಯಿ
ರಾಜಾಜಿನಗರ, ಬೆಂಗಳೂರು